ದಾಣಿ ಹೆಚ್ಚಿಸಿದ ಮೇಲೆ ಹಾಲಿನ ಫ್ಯಾಟ್ ಇಳಿದಿದೆ, ಸಗಣಿ ತೆಳ್ಳಗಾಗಿದೆ – ಗೊತ್ತಿದ್ದವರು ಹೇಳಿ

ಪ್ರಶ್ನೆ: ಹಸುವಿನ ತೂಕ ಸುಮಾರು 400 ಕೆ.ಜಿ., ಕರು ಹಾಕಿ ಎರಡು ತಿಂಗಳು, ಹಾಲು 14 ಲೀಟರ್. ದಾಣಿಯನ್ನು (ಕಾಳು, ಹಿಂಡಿಯ ಮಿಶ್ರ ಆಹಾರ) 5 ಕೆ.ಜಿ.ಯಿಂದ ಒಮ್ಮೆಲೇ 8ಕ್ಕೆ ಏರಿಸಿದೆ. ಅದರಲ್ಲಿ 2 ಕೆ.ಜಿ. ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟು. ಕೊಡುವುದು ಎರಡೇ ಹೊತ್ತು. ಜೊತೆಗೆ ಹಸಿಮೇವು 20 ಕೆ.ಜಿ., ಒಣಹುಲ್ಲು 3 ಕೆ.ಜಿ. ಮೊದಲು ಒಂದು ಲೀಟರ್ ಹೆಚ್ಚಾಯಿತು, ಈಗ ಮೊದಲಿಗಿಂತಲೂ ಕಡಿಮೆ. ಫ್ಯಾಟ್ 3.9 ಇದ್ದದ್ದು 3.0ಕ್ಕೆ ಬಂದಿದೆ. ಮೆಲುಕು ಕಡಿಮೆ, ಸಗಣಿಯಲ್ಲಿ ನೊರೆ. ಸೋಡಾ ಹಾಕಿದರೆ ಸಾಕಾ?

ಉತ್ತರ 1: ಒಣಾಂಶದ, ಅಂದರೆ ನೀರು ಬಿಟ್ಟು ಉಳಿಯುವ ಆಹಾರದ, ಲೆಕ್ಕ ಹಾಕಿ ನೋಡಿ. ಹಸಿಮೇವಿನಲ್ಲಿ ಐದರಲ್ಲೊಂದು ಪಾಲು ಒಣಾಂಶ ಎಂದರೆ 4 ಕೆ.ಜಿ., ಒಣಹುಲ್ಲಿನಿಂದ 2.7, ದಾಣಿಯಿಂದ 7.2. ಅರ್ಧಕ್ಕಿಂತ ಹೆಚ್ಚು ದಾಣಿಯೇ ಆಯಿತು, ಮೊದಲು ಶೇ. 40 ಇತ್ತು. ಅದಕ್ಕಿಂತ ದೊಡ್ಡ ತೊಂದರೆ, ಒಂದೇ ಹೊತ್ತಿಗೆ 4 ಕೆ.ಜಿ. ಬೀಳುತ್ತಿರುವುದು. ಪಿಷ್ಟ ಬೇಗ ಹುಳಿಯುತ್ತದೆ, ಹಿಟ್ಟು ನುಣ್ಣಗಿದ್ದಷ್ಟೂ ಇನ್ನೂ ಬೇಗ. ಹುಟ್ಟುವ ಆಮ್ಲವನ್ನು ರೂಮೆನ್ (ಮೇವು ಹುಳಿಯುವ ಮೊದಲ ದೊಡ್ಡ ಹೊಟ್ಟೆ) ಗೋಡೆ ಹೀರುವ ವೇಗ ಸಾಲದೆ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6ರ ಕೆಳಗೆ ಜಾರುತ್ತದೆ. ನಾರು ಕರಗಿಸುವ ಬ್ಯಾಕ್ಟೀರಿಯಾಗಳು ಅಲ್ಲೇ ಮಂಕಾಗುತ್ತವೆ. ಆಗ ನೀವು ಹಾಕುವ ಹುಲ್ಲೂ ಅರ್ಧಂಬರ್ಧ ಜೀರ್ಣವಾಗುತ್ತದೆ.

ಹಾಲು ಮೊದಲು ಏರಿದ್ದಕ್ಕೂ ಕಾರಣ ಇದೇ. ಪಿಷ್ಟದಿಂದ ಪ್ರೊಪಿಯೋನಿಕ್ ಆಮ್ಲ ಹೆಚ್ಚುತ್ತದೆ, ಯಕೃತ್ತು ಅದನ್ನು ಗ್ಲೂಕೋಸ್ ಮಾಡುತ್ತದೆ, ಕೆಚ್ಚಲು ಅದರಿಂದ ಲ್ಯಾಕ್ಟೋಸ್ ಮಾಡುತ್ತದೆ. ಹಾಲಿನ ಪ್ರಮಾಣ ನಿಂತಿರುವುದೇ ಲ್ಯಾಕ್ಟೋಸ್ ಮೇಲೆ. ಆದರೆ ಮೇವು ಜೀರ್ಣವಾಗದೆ ಹಸು ತಿನ್ನುವುದನ್ನೇ ಕಡಿಮೆ ಮಾಡಿದಾಗ ಆ ಲಾಭ ಹೋಗುತ್ತದೆ. ಫ್ಯಾಟ್‌ಗೆ ಬೇಕಾದ ಅಸಿಟಿಕ್ ಆಮ್ಲ ಬರುವುದು ಬಹುಪಾಲು ನಾರಿನಿಂದ, ಅದು ಕಡಿಮೆಯಾಗಿ ಫ್ಯಾಟ್ ಬಿತ್ತು.

ಉತ್ತರ 2: ಕೊನೆಯ ಮಾತಿಗೊಂದು ತಿದ್ದುಪಡಿ. ಅಸಿಟಿಕ್ ಆಮ್ಲದ ಕೊರತೆ ಒಂದರಿಂದಲೇ ಫ್ಯಾಟ್ ಇಷ್ಟು ಬೀಳುವುದಿಲ್ಲ. ಪಿಎಚ್ ಇಳಿದಾಗ ಬೇರೆ ಬಗೆಯ ಬ್ಯಾಕ್ಟೀರಿಯಾ ಬಲಿಯುತ್ತವೆ. ಅವು ಆಹಾರದ ಎಣ್ಣೆಯನ್ನು ಬದಲಿಸುವಾಗ ಒಂದು ಜಾತಿಯ ಟ್ರಾನ್ಸ್ ಕೊಬ್ಬಿನಾಮ್ಲ ಹುಟ್ಟುತ್ತದೆ, ಅದು ಕೆಚ್ಚಲಿಗೆ ಹೋಗಿ ಕೊಬ್ಬು ತಯಾರಾಗುವುದನ್ನೇ ತಡೆಯುತ್ತದೆ. ಹಾಗಾಗಿ ದಾಣಿಯಲ್ಲಿ ಎಣ್ಣೆ ಹೆಚ್ಚಿರುವ ಹಿಂಡಿ ಎಷ್ಟಿದೆ ನೋಡಿ. ಒಟ್ಟು ಆಹಾರದ ಒಣಾಂಶದಲ್ಲಿ ಕೊಬ್ಬು ಶೇ. 6 ದಾಟಬಾರದು. ಫ್ಯಾಟ್ ಕಡಿಮೆ ಆಯಿತೆಂದು ಎಣ್ಣೆ ಕುಡಿಸುವವರಿದ್ದಾರೆ, ಅದು ಇಲ್ಲಿ ಪೂರಾ ಉಲ್ಟಾ ಕೆಲಸ.

ಉತ್ತರ 3: ಮಾಡಬೇಕಾದ್ದು ಹೇಳುತ್ತೇನೆ. ದಾಣಿಯನ್ನು ಇಂದೇ 5 ಕೆ.ಜಿ.ಗೆ ಇಳಿಸಿ, ಮೆಕ್ಕೆಜೋಳ ಅದರಲ್ಲಿ ಒಂದು ಕೆ.ಜಿ. ಸಾಕು, ಅದೂ ತರಿತರಿ ಇರಲಿ. ಮೂರು ಹೊತ್ತಿಗೆ ಹಂಚಿ, ಒಂದು ಹೊತ್ತಿಗೆ 2 ಕೆ.ಜಿ. ಮೀರದಂತೆ. ಖಾಲಿ ಹೊಟ್ಟೆಗೆ ದಾಣಿ ಬೇಡ. ಮೊದಲು ಹುಲ್ಲು, ಅರ್ಧ ಗಂಟೆ ಬಿಟ್ಟು ದಾಣಿ. ಹುಲ್ಲನ್ನು 3–4 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಯಂತ್ರದಲ್ಲಿ ಪುಡಿಪುಡಿ ಮಾಡಿದರೆ ನಾರಿದ್ದೂ ಪ್ರಯೋಜನವಿಲ್ಲ. ಅಗಿಯದೆ ಜೊಲ್ಲು ಬರುವುದಿಲ್ಲ. ಹಸುವಿಗೆ ದಿನಕ್ಕೆ 100 ಲೀಟರ್ ಮೀರಿ ಜೊಲ್ಲು ಸುರಿಯುತ್ತದೆ, ಆಮ್ಲ ಕೊಲ್ಲುವ ಬೈಕಾರ್ಬೊನೇಟ್ ಅದರಲ್ಲೇ ಇದೆ.

ಹಸು ಸರಿಯಾದ ಮೇಲೆ ಏರಿಸುವುದಾದರೆ ಮೂರು ದಿನಕ್ಕೊಮ್ಮೆ ಅರ್ಧ ಕೆ.ಜಿ., ಅಷ್ಟೇ. ಬ್ಯಾಕ್ಟೀರಿಯಾ ಹೊಂದಿಕೊಳ್ಳಲು ಎರಡು ವಾರ ಬೇಕು, ಆಮ್ಲ ಹೀರುವ ರೂಮೆನ್ ಒಳಪದರ ಬೆಳೆಯಲು ಅದಕ್ಕಿಂತ ಹೆಚ್ಚು.

ಉತ್ತರ 4: ಸೋಡಾ ವಿಷಯ ಯಾರೂ ಹೇಳಲಿಲ್ಲ. ಅಡುಗೆ ಸೋಡಾ (ಇದೂ ಬೈಕಾರ್ಬೊನೇಟೇ) ದಿನಕ್ಕೆ 100–150 ಗ್ರಾಂ, ದಾಣಿಯಲ್ಲಿ ಚೆನ್ನಾಗಿ ಬೆರೆಸಿ, ಹೊತ್ತು ಹೊತ್ತಿಗೆ ಭಾಗ ಮಾಡಿ. ಬಟ್ಟೆ ಸೋಡಾ ಅಲ್ಲ! ದಾಣಿ ಇಳಿಸದೆ ಬರೀ ಸೋಡಾ ಹಾಕಿದರೆ ಕಾಯಿಲೆ ಮುಚ್ಚಿಟ್ಟಂತೆ. ಕರು ಹಾಕಲು ಮೂರು ವಾರದೊಳಗಿರುವ ಹಸುವಿಗೆ ಇದನ್ನು ಕೊಡಬೇಡಿ, ಹೆಚ್ಚಿನ ಸೋಡಿಯಂನಿಂದ ಹಾಲು ಜ್ವರದ (ಕರು ಹಾಕುವ ಹೊತ್ತಿಗೆ ರಕ್ತದ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ಅಪಾಯ ಏರುತ್ತದೆ.

ಪ್ರಶ್ನೆ ಕೇಳಿದವರು: ಫ್ಯಾಟ್ ವಾಪಸ್ ಬರಲು ಎಷ್ಟು ದಿನ? ಅಲ್ಲಿಯವರೆಗೆ ಯೂರಿಯಾ ಉಪಚರಿಸಿದ (ಯೂರಿಯಾ ನೀರು ಚಿಮುಕಿಸಿ ಮುಚ್ಚಿಟ್ಟ) ಹುಲ್ಲು ಕೊಡಲೇ?

ಉತ್ತರ 3: ಫ್ಯಾಟ್‌ಗೆ ಎರಡು–ಮೂರು ವಾರ ಹಿಡಿಯುತ್ತದೆ, ಸಗಣಿ ಅದಕ್ಕಿಂತ ಮೊದಲೇ ಗಟ್ಟಿಯಾಗುತ್ತದೆ. ಯೂರಿಯಾ ಹುಲ್ಲು ಈಗ ಬೇಡ. ಒಂದು ಬದಲಾವಣೆ ನೆಲೆಗೊಳ್ಳುವ ಮುಂಚೆ ಇನ್ನೊಂದು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮಲಗಿರುವಾಗ ನೋಡಿ: ಒಂದು ಉಂಡೆಯನ್ನು 50–70 ಸಲ ಅಗಿಯಬೇಕು. ಮೂವತ್ತಕ್ಕೇ ನುಂಗುತ್ತಿದ್ದರೆ ನಾರು ಸಾಲದು.

ಉತ್ತರ 1: ಹಸು ಮೇವೇ ಮುಟ್ಟದಿದ್ದರೆ, ತೂರಾಡಿದರೆ, ಎಡಪಕ್ಕೆ ನೀರು ತುಂಬಿದ ಚೀಲದಂತೆ ಕುಲುಕಿದರೆ, ಸಗಣಿ ನೀರಾಗಿ ಹುಳಿ ವಾಸನೆ ಬಂದರೆ ಮೇಲಿನದೆಲ್ಲ ಬಿಟ್ಟು ಪಶುವೈದ್ಯರನ್ನು ಕರೆಯಿರಿ. ಅದು ಲ್ಯಾಕ್ಟಿಕ್ ಆಮ್ಲ ತುಂಬಿದ ತೀವ್ರ ಸ್ಥಿತಿ, ಗಂಟೆಗಳ ಲೆಕ್ಕದ ಕೆಲಸ. ದಾಣಿ ಅಷ್ಟೂ ಹೊತ್ತು ಬಂದ್.