ಆನ್-ರೋಡ್ 1 ಕೋಟಿ 27 ಲಕ್ಷ ಅಂತಾರ, ಎಲ್ಲಿ ಇಳಿಸಬಹುದು?

ಪ್ರಶ್ನೆ (ಗಂಗಾವತಿಯಿಂದ):
ಎಲ್ಲಾರಿಗೂ ನಮಸ್ಕಾರ್ರೀ. ಬಿಎಂಡಬ್ಲ್ಯು ಎಂ2 ತಗೋಬೇಕಂತ ಮಾಡೇವಿ. ಬೆಂಗಳೂರಿನ ಒಂದು ಶೋರೂಂನವ್ರು ವಾಟ್ಸಾಪ್‌ನ್ಯಾಗ ಕೊಟೇಶನ್ ಕಳಿಸ್ಯಾರ. ಲೆಕ್ಕ ಸಲೀಸಾಗ್ಲಿ ಅಂತ ಎಕ್ಸ್-ಶೋರೂಂ ರೇಟನ್ನ ಒಂದು ಕೋಟಿಗೆ ತಂದು ಬರದೀನಿ:

ಎಕ್ಸ್-ಶೋರೂಂ 1,00,00,000
ರೋಡ್ ಟ್ಯಾಕ್ಸ್ 19,98,000
ಇನ್ಶೂರೆನ್ಸ್ 4,60,000
ಟಿಸಿಎಸ್ 1,00,000
ಹ್ಯಾಂಡ್ಲಿಂಗ್ 35,000
ಕೋಟಿಂಗ್, ಮ್ಯಾಟ್, ಕಿಟ್ 1,85,000
ಒಟ್ಟು 1,27,78,000

"ಇಂಪೋರ್ಟ್ ಗಾಡಿ ಸರ್, ಡಿಸ್ಕೌಂಟ್ ಇರಂಗಿಲ್ಲ, ಬೇಕಾದ್ರ ಎರಡು ಲಕ್ಷದ ಆಕ್ಸೆಸರೀಸ್ ಫ್ರೀ ಕೊಡ್ತೀವಿ" ಅಂತಾರ. ಇದು ನ್ಯಾಯವಾದ ರೇಟೇನ್ರಿ? ಯಾವುದರ ಮ್ಯಾಲೆ ಮಾತಾಡಬೇಕು, ಯಾವುದರ ಮ್ಯಾಲೆ ಮಾತಾಡಿ ಉಪಯೋಗಿಲ್ಲ? ತಿಳಿದವರು ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ (ಕಾರು ಖರೀದಿ ಸಲಹೆಗಾರರು, ಬಳ್ಳಾರಿ):
ಸರ್, ಮೊದಲು ಆ ಒಟ್ಟು ಮೊತ್ತವನ್ನು ಬದಿಗಿಡಿ. "ಆನ್-ರೋಡ್‌ನಲ್ಲಿ ಎಷ್ಟು ಕಡಿಮೆ ಮಾಡ್ತೀರಿ" ಎಂದು ಕೇಳಿದರೆ ಒಂದು ಸಾಲಿನಲ್ಲಿ ಇಳಿಸಿ ಇನ್ನೊಂದರಲ್ಲಿ ಏರಿಸುವುದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಸಾಲುಸಾಲಾಗಿಯೇ ಮಾತಾಡಬೇಕು.

ರೋಡ್ ಟ್ಯಾಕ್ಸ್ ಅಲುಗುವುದಿಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 18%, ಅದರ ಮೇಲೆ ಸೆಸ್. ಒಂದು ಕೋಟಿಗೆ ಹೆಚ್ಚುಕಡಿಮೆ 20 ಲಕ್ಷ ಆಗಿಯೇ ಆಗುತ್ತದೆ. ಟಿಸಿಎಸ್ ಕೂಡ ಅಲುಗುವುದಿಲ್ಲ, ಆದರೆ ಅದು ಖರ್ಚಲ್ಲ. 10 ಲಕ್ಷ ಮೀರಿದ ಕಾರಿಗೆ ಇನ್‌ವಾಯ್ಸ್ ಮೊತ್ತದ 1% ವಸೂಲಿ ಮಾಡಿ ನಿಮ್ಮ ಪ್ಯಾನ್ ಹೆಸರಿಗೆ ಕಟ್ಟುತ್ತಾರೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ತೆರಿಗೆ ಲೆಕ್ಕದಲ್ಲಿ ಆ ಲಕ್ಷ ಬಂದಿದೆಯೋ ಇಲ್ಲವೋ ಮಾತ್ರ ತಪ್ಪದೇ ನೋಡಿ.

ಹ್ಯಾಂಡ್ಲಿಂಗ್ 35,000 ಪೂರ್ತಿ ತೆಗೆಸಿ. ಗೋದಾಮಿನಿಂದ ಶೋರೂಂಗೆ ತರುವ ಖರ್ಚು ಎಕ್ಸ್-ಶೋರೂಂ ಬೆಲೆಯೊಳಗೇ ಇರುತ್ತದೆ. "ಈ ಸಾಲು ಯಾವ ಕೆಲಸಕ್ಕೆ, ಇದಕ್ಕೆ ಬಿಲ್ ಕೊಡ್ತೀರಾ" ಎಂದು ಇಮೇಲ್‌ನಲ್ಲಿ ಕೇಳಿ. ಬರಹದಲ್ಲಿ ಕೇಳಿದರೆ ಸಾಮಾನ್ಯವಾಗಿ ಮುಂದಿನ ಕೊಟೇಶನ್‌ನಲ್ಲಿ ಆ ಸಾಲು ಇರುವುದಿಲ್ಲ. 1,85,000ದ ಕಿಟ್ಟೂ ಬೇಡ. ಪಿಪಿಎಫ್ (ಬಣ್ಣ ಕಾಯಲು ಅಂಟಿಸುವ ಪಾರದರ್ಶಕ ಫಿಲ್ಮು) ಬೇಕಿದ್ದರೆ ಫಿಲ್ಮಿನ ಹೆಸರು, ದಪ್ಪ, ವಾರಂಟಿ ವರ್ಷ ಬರೆಸಿಕೊಂಡು ಹೊರಗಿನ ಎರಡು ಕಡೆ ದರ ಕೇಳಿ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಓಡಾಡುವ ಕಾರಿಗೆ ಬಾನೆಟ್, ಮುಂದಿನ ಬಂಪರ್, ಕನ್ನಡಿಗಳಿಗೆ ಪಿಪಿಎಫ್ ಬೇಕೇ ಬೇಕು. ಕಲ್ಲೇಟು ತಡೆಯುವುದು ಫಿಲ್ಮು. ಸೆರಾಮಿಕ್ ಕೋಟಿಂಗ್ ಹೊಳಪಿಗೆ, ತೊಳೆಯುವ ಅನುಕೂಲಕ್ಕೆ ಅಷ್ಟೇ.

ಈಗ ಮುಖ್ಯ ವಿಷಯ, ಆ "ಎರಡು ಲಕ್ಷದ ಫ್ರೀ ಆಕ್ಸೆಸರೀಸ್". ಅದನ್ನು ಒಪ್ಪಬೇಡಿ. ರಿಯಾಯಿತಿ ಇನ್‌ವಾಯ್ಸ್ ಒಳಗೇ, ಜಿಎಸ್‌ಟಿ ಹಾಕುವ ಮೊದಲೇ ಬರಬೇಕು. 2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ಕಾರಿಗೆ ಜಿಎಸ್‌ಟಿ 40%, ಬೇರೆ ಸೆಸ್ ಇಲ್ಲ. ಅಂದರೆ ನಿಮ್ಮ ಒಂದು ಕೋಟಿಯಲ್ಲಿ ಕಾರಿನ ಮೂಲ ಬೆಲೆ 71,42,857, ತೆರಿಗೆ 28,57,143. ಡೀಲರು ಮೂಲ ಬೆಲೆಯಲ್ಲಿ 3 ಲಕ್ಷ ಬಿಟ್ಟರೆ ಅದರ ಮೇಲಿನ 40% ತೆರಿಗೆಯೂ ಬಿಟ್ಟುಹೋಗುತ್ತದೆ, ನಿಮಗೆ 4,20,000 ಇಳಿಯುತ್ತದೆ. ಅದೇ 3 ಲಕ್ಷವನ್ನು ಕ್ಯಾಶ್‌ಬ್ಯಾಕ್ ಎಂದೋ ಸಾಮಾನು ಎಂದೋ ಕೊಟ್ಟರೆ ನಿಮಗೆ ಸಿಗುವುದು 3 ಲಕ್ಷ ಮಾತ್ರ. ಸಾಮಾನಿನಲ್ಲಂತೂ ಅವರ ಲಾಭವೂ ಸೇರಿರುತ್ತದೆ. "ಡಿಸ್ಕೌಂಟ್ ಟ್ಯಾಕ್ಸಬಲ್ ವ್ಯಾಲ್ಯೂ ಮೇಲೆ, ಇನ್‌ವಾಯ್ಸ್‌ನಲ್ಲೇ ತೋರಿಸಿ" ಎಂಬ ಒಂದೇ ವಾಕ್ಯ ಸಾಕು, ಲೆಕ್ಕ ಗೊತ್ತಿರುವವರ ಜೊತೆ ಮಾತಾಡುತ್ತಿದ್ದೇವೆ ಎಂದು ಅವರಿಗೆ ತಿಳಿಯುತ್ತದೆ.

ಎಷ್ಟು ಕೇಳಬಹುದು ಎನ್ನುವುದು ಆ ನಿರ್ದಿಷ್ಟ ಕಾರಿನ ಮೇಲೆ ನಿಂತಿದೆ. ಎಂ2 ಮೆಕ್ಸಿಕೋದ ಸ್ಯಾನ್ ಲೂಯಿಸ್ ಪೊಟೊಸಿಯಲ್ಲಿ ತಯಾರಾಗಿ ಹಡಗಿನಲ್ಲಿ ಬರುತ್ತದೆ. ನೀವು ಬಣ್ಣ, ಸೀಟು ಆರಿಸಿ ಹೊಸದಾಗಿ ಆರ್ಡರ್ ಹಾಕಿದರೆ ಡೀಲರಿಗೆ ಯಾವ ಒತ್ತಡವೂ ಇಲ್ಲ, ರಿಯಾಯಿತಿ ತೀರಾ ಕಡಿಮೆ. ಯಾರೋ ಬುಕ್ ಮಾಡಿ ಬಿಟ್ಟ ಕಾರು ಸ್ಟಾಕ್‌ಯಾರ್ಡಿನಲ್ಲಿ ನಿಂತಿದ್ದರೆ ಮಾತೇ ಬೇರೆ. ಡೀಲರು ಸ್ಟಾಕನ್ನು ಸಾಲದ ಹಣದಲ್ಲಿ ಇಟ್ಟುಕೊಂಡಿರುತ್ತಾನೆ. 90 ಲಕ್ಷ ಹಾಕಿ, ಬಡ್ಡಿ 10% ಎಂದು ಹಿಡಿದರೂ ತಿಂಗಳಿಗೆ 75,000. ಮೂರು ತಿಂಗಳು ನಿಂತ ಕಾರು 2,25,000 ತಿಂದಿರುತ್ತದೆ. ಹಾಗಾಗಿ ಮೊದಲ ಪ್ರಶ್ನೆ ರೇಟಿನದಲ್ಲ. "ಸ್ಟಾಕ್‌ನಲ್ಲಿರುವ ಕಾರುಗಳ ಚಾಸಿ ನಂಬರ್, ತಯಾರಾದ ತಿಂಗಳು-ವರ್ಷ ಕಳಿಸಿ" ಎನ್ನಿ. ಇಂಪೋರ್ಟ್ ಕಾರಿಗೆ ತಯಾರಿಕೆಗೂ ಬಿಲ್ಲಿಗೂ ನಾಲ್ಕೈದು ತಿಂಗಳು ಅಂತರ ಇರುವುದು ದೋಷವಲ್ಲ. ಆದರೆ ಹಿಂದಿನ ವರ್ಷದ ಕಾರನ್ನು ಜನವರಿಯಲ್ಲಿ ಹೊಸ ವರ್ಷದ ಬೆಲೆಗೆ ಕೊಳ್ಳುವುದು ನಷ್ಟ. ಮಾರುವಾಗ ಆರ್‌ಸಿಯಲ್ಲಿ ಹಳೆಯ ವರ್ಷವೇ ಕಾಣುತ್ತದೆ. ಬಿಲ್ ಆಗುವಾಗ ಫಾರ್ಮ್ 21ರಲ್ಲಿ (ಡೀಲರು ಕೊಡುವ ಮಾರಾಟದ ಪ್ರಮಾಣಪತ್ರ) ತಯಾರಿಕೆಯ ತಿಂಗಳು-ವರ್ಷ ಇರುತ್ತದೆ, ಅದನ್ನು ಕಾರಿನ ಮೇಲಿನ ತಯಾರಿಕೆಯ ಫಲಕದೊಂದಿಗೆ ತಾಳೆ ನೋಡಿ.

ಪ್ರಶ್ನೆ (ಗಂಗಾವತಿಯಿಂದ):
ಬಾಳ ಛಲೋ ತಿಳಿಸಿದ್ರಿ ಸರ್. ಹಂಗಾರ ಎಷ್ಟು ಕಡೆ ಕೊಟೇಶನ್ ತರಿಸಬೇಕ್ರಿ? ಮತ್ತ ರೇಟು ಮೊದಲು ನಾವು ಹೇಳಬೇಕೋ, ಅವರ ಬಾಯಿಂದ ಬರಿಸಬೇಕೋ?

ಉತ್ತರ (ಸಲಹೆಗಾರರು):
ಮೂರು ಸಾಕು: ಬೆಂಗಳೂರಿನ ಎರಡು, ಹೈದರಾಬಾದಿನ ಒಂದು. ಬೆಂಗಳೂರಿನ ಎರಡು ಶೋರೂಂ ಒಂದೇ ಮಾಲೀಕರದ್ದಾದರೆ ಅದು ಒಂದೇ ಕೊಟೇಶನ್ ಎಂದು ತಿಳಿಯಿರಿ, ಕಂಪ್ಯೂಟರಿನಲ್ಲಿ ನಿಮ್ಮ ಫೋನ್ ನಂಬರ್ ಇಬ್ಬರಿಗೂ ಕಾಣುತ್ತದೆ. ಮೂವರಿಗೂ ಒಂದೇ ಒಕ್ಕಣೆಯ ಇಮೇಲ್ ಕಳಿಸಿ: ಮಾಡೆಲ್, ಗೇರ್‌ಬಾಕ್ಸ್ (ಎಂ2ನಲ್ಲಿ ಮ್ಯಾನ್ಯುಯಲ್ಲೂ ಇದೆ), ಬಣ್ಣ, ಆಪ್ಷನ್‌ಗಳು, ವಿಮೆ ಇಲ್ಲದೆ, ಕಿಟ್ ಇಲ್ಲದೆ ಇನ್‌ವಾಯ್ಸ್ ಬೆಲೆ ಮಾತ್ರ. ಮೊದಲ ಸುತ್ತಿನಲ್ಲಿ ನೀವು ರೇಟು ಹೇಳಬೇಡಿ. ಮೂರೂ ಬಂದ ಮೇಲೆ ನಿಮಗೆ ಬೇಕಾದ ಕಾರು ಇರುವ ಕಡೆಗೆ ಒಂದೇ ಒಂದು ಆಫರ್ ಬರೆಯಿರಿ: "ಈ ಚಾಸಿ ನಂಬರಿಗೆ ಇನ್‌ವಾಯ್ಸ್ ಇಷ್ಟಾದರೆ ಮೂರು ದಿನದಲ್ಲಿ ಆರ್‌ಟಿಜಿಎಸ್ ಮಾಡುತ್ತೇವೆ." ದಿನಾಂಕ, ಚಾಸಿ ನಂಬರ್, ಹಣ ಬರುವ ಗಡುವು ಮೂರೂ ಇದ್ದರೆ ಸೇಲ್ಸ್ ಹುಡುಗ ಅದನ್ನು ಮ್ಯಾನೇಜರ್ ಮೇಜಿಗೆ ಒಯ್ಯಬಲ್ಲ. "ಬೆಸ್ಟ್ ಪ್ರೈಸ್ ಹೇಳ್ರಿ" ಎಂದರೆ ಅದು ಅಲ್ಲೇ ನಿಲ್ಲುತ್ತದೆ. ತ್ರೈಮಾಸಿಕದ ಕೊನೆಯ ವಾರ, ಅದರಲ್ಲೂ ಡಿಸೆಂಬರ್ ಕೊನೆ ಇದಕ್ಕೆ ಒಳ್ಳೆಯ ಸಮಯ.

ಮರ್ಸಿಡಿಸ್ ನೋಡುತ್ತಿರುವವರಿಗೆ ಈ ದಾರಿ ಹೊಂದುವುದಿಲ್ಲ. 2021ರ ಅಕ್ಟೋಬರ್‌ನಿಂದ ಭಾರತದಲ್ಲಿ ಆ ಕಂಪನಿ ಕಾರನ್ನು ಗ್ರಾಹಕರಿಗೆ ತಾನೇ ನೇರ ಮಾರುತ್ತದೆ. ದೇಶಕ್ಕೆಲ್ಲ ಒಂದೇ ಬೆಲೆ, ಸ್ಟಾಕ್ ಕಂಪನಿಯದ್ದು. ಅಲ್ಲಿ ಊರೂರು ಸುತ್ತಿ ಕಾರಿನ ರೇಟು ಇಳಿಸಲಾಗದು. ಹಳೆ ಕಾರಿನ ಬೆಲೆ, ವಿಮೆ, ಸರ್ವಿಸ್ ಪ್ಯಾಕೇಜ್ ಮೇಲೆ ಮಾತಾಡಬೇಕು.

ಉತ್ತರ (ವಿಮಾ ಏಜೆಂಟ್, ಹೊಸಪೇಟೆ):
ನಿಮ್ಮ ಕೊಟೇಶನ್‌ನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ 4,60,000. ಇದರಲ್ಲಿ ಥರ್ಡ್ ಪಾರ್ಟಿ ಭಾಗ ಸರ್ಕಾರದ ದರ: 2022ರ ಅಧಿಸೂಚನೆಯಂತೆ 1500 ಸಿಸಿ ಮೀರಿದ ಹೊಸ ಕಾರಿಗೆ 3 ವರ್ಷಕ್ಕೆ 24,596, ಮೇಲೆ 18% ಜಿಎಸ್‌ಟಿ. ಉಳಿದದ್ದೆಲ್ಲ ಓನ್ ಡ್ಯಾಮೇಜ್ (ನಿಮ್ಮ ಕಾರಿಗೇ ಆಗುವ ಹಾನಿಯ ವಿಮೆ) ಮತ್ತು ಆಡ್-ಆನ್ (ಹೆಚ್ಚುವರಿ ರಕ್ಷಣೆಗಳು), ಅಲ್ಲೇ ಜಗ್ಗಾಟಕ್ಕೆ ಜಾಗ. ಶೋರೂಂನಲ್ಲೇ ವಿಮೆ ಮಾಡಿಸಬೇಕೆಂಬ ಕಡ್ಡಾಯ ಇಲ್ಲ. "ಹೊರಗೆ ಮಾಡಿಸಿದ್ರೆ ಕ್ಯಾಶ್‌ಲೆಸ್ ಸಿಗಲ್ಲ" ಎನ್ನುತ್ತಾರೆ. ಕ್ಯಾಶ್‌ಲೆಸ್ ನಿಂತಿರುವುದು ವಿಮಾ ಕಂಪನಿಗೂ ವರ್ಕ್‌ಶಾಪಿಗೂ ಇರುವ ಒಪ್ಪಂದದ ಮೇಲೆ, ಪಾಲಿಸಿ ಎಲ್ಲಿ ಕೊಂಡಿರಿ ಎನ್ನುವುದರ ಮೇಲಲ್ಲ. ಯಾವ ಯಾವ ಕಂಪನಿಗೆ ಕ್ಯಾಶ್‌ಲೆಸ್ ಇದೆ ಎಂದು ವರ್ಕ್‌ಶಾಪಿನಲ್ಲೇ ಕೇಳಿ, ಆ ಪಟ್ಟಿಯಿಂದ ಆರಿಸಿ.

ಹೋಲಿಸುವಾಗ ಐಡಿವಿ (ಕಾರು ಪೂರ್ತಿ ಹೋದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ) ಒಂದೇ ಇರಲಿ. ಹೊಸ ಕಾರಿಗೆ ಅದು ಎಕ್ಸ್-ಶೋರೂಂ ಬೆಲೆಯ 95%, ಇಲ್ಲಿ 95 ಲಕ್ಷ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸಿದರೆ ಮೋಸ ಹೋಗಬೇಡಿ. ಆಡ್-ಆನ್‌ಗಳಲ್ಲಿ ರಿಟರ್ನ್ ಟು ಇನ್‌ವಾಯ್ಸ್ (ಐಡಿವಿ ಬದಲು ಇನ್‌ವಾಯ್ಸ್ ಬೆಲೆ ಕೊಡುವುದು) ಬಿಡಲೇಬೇಡಿ. ಕಾರು ಕಳುವಾದರೆ, ಪೂರ್ತಿ ಜಖಂ ಆದರೆ ಬರೀ ಐಡಿವಿ ಸಿಕ್ಕಿದರೆ ನೀವು ಕಟ್ಟಿದ 20 ಲಕ್ಷ ರೋಡ್ ಟ್ಯಾಕ್ಸ್ ನೀರಲ್ಲಿ ಹೋಮ ಮಾಡಿದಂತೆ. ಆ ಆಡ್-ಆನ್‌ನಲ್ಲಿ ರೋಡ್ ಟ್ಯಾಕ್ಸ್, ನೋಂದಣಿ ಖರ್ಚೂ ಸೇರಿದೆಯೇ ಎಂದು ಪಾಲಿಸಿಯ ಪದಗಳಲ್ಲೇ ಓದಿ ನೋಡಿ. ಟೈರ್-ರಿಮ್ ಕವರ್ ಕೂಡ ತಗೊಳ್ಳಿ. ಎಂ2 ಹಿಂದಿನ ಟೈರು 285/30 ಆರ್20, ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಗೋಡೆ ಬರೀ 85 ಮಿ.ಮೀ. ಊರೊಳಗಿನ ಗುರುತಿಲ್ಲದ ಹಂಪ್, ಗುಂಡಿಯ ಅಂಚಿಗೆ ವೇಗವಾಗಿ ಬಡಿದರೆ ಟೈರಿನ ಪಕ್ಕ ಉಬ್ಬುತ್ತದೆ, ರಿಮ್ಮು ಸೀಳುತ್ತದೆ. ಝೀರೋ ಡೆಪ್ (ಬಿಡಿಭಾಗಗಳಿಗೆ ಸವಕಳಿ ಕಳೆಯದೆ ಹಣ ಕೊಡುವುದು), ಎಂಜಿನ್ ಪ್ರೊಟೆಕ್ಟ್ ಹೇಗೂ ಇರಲಿ.

ಪ್ರಶ್ನೆ (ರಾಯಚೂರಿನಿಂದ):
ನಮಗ ಹೈದರಾಬಾದ್ ಹತ್ತಿರ ಆಗ್ತದ. ಅಲ್ಲೇ ತಗೊಂಡ್ರ ಹೆಂಗ್ರಿ? ಮತ್ತ ಕೆಲವರು ಪುದುಚೇರಿ ನಂಬರ್ ಮಾಡಿಸ್ತಾರಲ್ಲ, ಟ್ಯಾಕ್ಸ್ ಉಳೀತದ ಅಂತ?

ಉತ್ತರ (ಸಲಹೆಗಾರರು):
ಹೈದರಾಬಾದಿನಲ್ಲಿ ಕೊಳ್ಳಬಹುದು. ತಾತ್ಕಾಲಿಕ ನೋಂದಣಿಯಲ್ಲಿ ತಂದು ರಾಯಚೂರು ಆರ್‌ಟಿಒದಲ್ಲಿ ಕೆಎ-36 ಮಾಡಿಸಿ, ಕರ್ನಾಟಕದ ತೆರಿಗೆ ಇಲ್ಲೇ ಕಟ್ಟಿ. ಫಾರ್ಮ್ 21, ಫಾರ್ಮ್ 22 (ರಸ್ತೆಗೆ ಯೋಗ್ಯ ಎಂಬ ತಯಾರಕರ ಪ್ರಮಾಣಪತ್ರ), ಇನ್‌ವಾಯ್ಸ್, ವಿಮೆಯ ಮೂಲಪ್ರತಿ ಇಲ್ಲದೆ ಅಲ್ಲಿಂದ ಹೊರಡಬೇಡಿ. ಲಾಭ ಇರುವುದು ಡೀಲರ್ ಡೀಲರ್ ನಡುವಿನ ರಿಯಾಯಿತಿಯಲ್ಲಿ, ತೆರಿಗೆಯಲ್ಲಲ್ಲ.

ಪುದುಚೇರಿ ದಾರಿ ಹಿಡಿಯಲೇಬೇಡಿ. ಬೇರೆ ರಾಜ್ಯದ ನೋಂದಣಿಯ ಕಾರು ಕರ್ನಾಟಕದಲ್ಲಿ ಒಂದು ವರ್ಷ ಮೀರಿ ಇದ್ದರೆ ಇಲ್ಲಿನ ತೆರಿಗೆ ಕಟ್ಟಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಫೆರಾರಿ, ಪೋರ್ಷೆ ಸೇರಿ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ 1.4 ಕೋಟಿಗೂ ಹೆಚ್ಚು ತೆರಿಗೆ ಕಟ್ಟಿಸಿಕೊಂಡರು. ಅಲ್ಲಿ ನಂಬರ್ ಮಾಡಿಸಲು ಕೊಟ್ಟ ಸುಳ್ಳು ವಿಳಾಸದ ಮೇಲೆ ಪಡೆದ ಪಾಲಿಸಿ, ಕ್ಲೇಮಿನ ಹೊತ್ತಿಗೆ ಬೇರೆ ತೊಡಕು ತರುತ್ತದೆ.

ಪ್ರಶ್ನೆ (ಬಳ್ಳಾರಿಯಿಂದ):
ಫರ್ಮ್ ಹೆಸರಲ್ಲಿ ತಗೊಂಡ್ರೆ ಆ 40% ಜಿಎಸ್‌ಟಿ ವಾಪಸ್ ಬರುತ್ತಾ ಸಾರ್? ಸ್ವಲ್ಪ ಕ್ಯಾಶ್ ಕೊಡಬಹುದಾ?

ಉತ್ತರ (ಲೆಕ್ಕಪರಿಶೋಧಕರು, ಬಳ್ಳಾರಿ):
ಎರಡಕ್ಕೂ ಇಲ್ಲ. 13 ಸೀಟಿನವರೆಗಿನ ವಾಹನಕ್ಕೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಹೊಂದಿಸಿಕೊಳ್ಳುವುದು) ಅನ್ನು ಜಿಎಸ್‌ಟಿ ಕಾಯ್ದೆಯ 17(5) ತಡೆದಿದೆ. ಕಾರು ಮಾರುವವರು, ಪ್ರಯಾಣಿಕರನ್ನು ಸಾಗಿಸುವವರು, ಡ್ರೈವಿಂಗ್ ಶಾಲೆಯವರಿಗೆ ಮಾತ್ರ ವಿನಾಯಿತಿ. ಅಕ್ಕಿ ಗಿರಣಿ, ಜೀನ್ಸ್ ಘಟಕ, ಗಣಿ ವ್ಯವಹಾರಕ್ಕೆ ಸಿಗದು. ಸಿಗುವುದು ವರ್ಷಕ್ಕೆ 15% ಸವಕಳಿ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ವ್ಯವಹಾರಕ್ಕೇ ಎಂದು ತೋರಿಸುವುದೂ ಸುಲಭವಲ್ಲ. ನಗದು 2 ಲಕ್ಷ ಅಥವಾ ಮೇಲೆ ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಎಲ್ಲವೂ ಡೀಲರ್ ಸಂಸ್ಥೆಯ ಖಾತೆಗೇ ಹೋಗಲಿ. ಸೇಲ್ಸ್‌ನವರ ಸ್ವಂತ ಖಾತೆಗೆ ಬುಕಿಂಗ್ ಹಣವನ್ನೂ ಹಾಕಬೇಡಿ.

ಸಾಲ ತಗೊಳ್ಳುವುದಾದರೆ ಒಂದು ಎಚ್ಚರಿಕೆ. "ಬರೀ 5% ಬಡ್ಡಿ" ಎಂದರೆ ಫ್ಲ್ಯಾಟೋ (ಕೊನೆಯ ತನಕ ಪೂರ್ತಿ ಸಾಲದ ಮೇಲೆ ಬಡ್ಡಿ) ರಿಡ್ಯೂಸಿಂಗೋ (ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ) ಕೇಳಿ. 80 ಲಕ್ಷಕ್ಕೆ 5 ವರ್ಷ 5% ಫ್ಲ್ಯಾಟ್ ಆದರೆ ಕಂತು 1,66,667. 9% ರಿಡ್ಯೂಸಿಂಗ್‌ನಲ್ಲಿ ಕಂತು 1,66,067. ಎರಡೂ ಹೆಚ್ಚುಕಡಿಮೆ ಒಂದೇ! ಇನ್ನು ಶೋರೂಂ ಸಾಲದಲ್ಲಿ ಬಡ್ಡಿ 9ರ ಬದಲು 9.75% ಇದ್ದರೆ ಐದು ವರ್ಷದಲ್ಲಿ 1,75,000 ಹೆಚ್ಚು ಕಟ್ಟುತ್ತೀರಿ, ಕಷ್ಟಪಟ್ಟು ಗಿಟ್ಟಿಸಿದ ರಿಯಾಯಿತಿ ಅಲ್ಲೇ ಕರಗುತ್ತದೆ.

ಪ್ರಶ್ನೆ (ಗಂಗಾವತಿಯಿಂದ):
ಕಡೀ ಪ್ರಶ್ನೆರಿ. ರೇಟು ಒಪ್ಪಿಗಿ ಆದ ಮ್ಯಾಲೆ ದುಡ್ಡು ಹಾಕೂ ಮುಂಚೆ ಏನೇನು ಬರೆಸ್ಕೋಬೇಕು?

ಉತ್ತರ (ಸಲಹೆಗಾರರು):
ಬುಕಿಂಗ್ ಫಾರ್ಮಿನಲ್ಲಿ "ಡೆಲಿವರಿ ದಿನದ ಬೆಲೆ ಅನ್ವಯ" ಎಂಬ ಸಾಲು ಇರುತ್ತದೆ. ಅದರ ಪಕ್ಕದಲ್ಲಿ ನಿಮ್ಮ ಒಪ್ಪಿತ ಇನ್‌ವಾಯ್ಸ್ ಬೆಲೆ, ಚಾಸಿ ನಂಬರ್, ಬುಕಿಂಗ್ ರದ್ದಾದರೆ ಹಣ ಎಷ್ಟು ದಿನದಲ್ಲಿ ವಾಪಸ್ ಎಂದು ಬರೆಸಿ ಸೀಲ್ ಹಾಕಿಸಿ.

ನಮ್ಮ ಭಾಗದವರು ಮರೆಯುವುದು ಸರ್ವಿಸ್ ದೂರ. ಎಂ ಕಾರುಗಳಿಗೆ ಸುಮಾರು 2,000 ಕಿ.ಮೀ.ಗೆ ರನ್ನಿಂಗ್-ಇನ್ ಸರ್ವಿಸ್ ಇದೆ, ಎಂಜಿನ್ ಆಯಿಲ್ ಬದಲಿಸಬೇಕು. ಗಂಗಾವತಿಯಿಂದ ಬೆಂಗಳೂರು ಮುನ್ನೂರು ಕಿ.ಮೀ.ಗೂ ಹೆಚ್ಚು. ಆಕ್ಸೆಸರೀಸ್ ಬದಲು ಡೆಲಿವರಿಗೆ ಮತ್ತು ಆ ಮೊದಲ ಸರ್ವಿಸಿಗೆ ಫ್ಲ್ಯಾಟ್‌ಬೆಡ್ ಲಾರಿ ಕೇಳಿ, ಅದು ನಿಜವಾಗಿ ಉಪಯೋಗಕ್ಕೆ ಬರುವ ಉಡುಗೊರೆ. ರೋಡ್‌ಸೈಡ್ ಅಸಿಸ್ಟೆನ್ಸ್‌ನಲ್ಲಿ ಟೋಯಿಂಗ್ ಎಷ್ಟು ಕಿ.ಮೀ. ತನಕ ಉಚಿತ, ಸ್ಟೆಪ್ನಿ ಇದೆಯೋ ಬರೀ ಪಂಕ್ಚರ್ ಕಿಟ್ಟೋ, ಇವೂ ಬರಹದಲ್ಲಿ ಬರಲಿ.

ಪೂರ್ತಿ ಹಣ ಹಾಕುವ ಮೊದಲು, ನೋಂದಣಿಗೂ ಮುಂಚೆ, ಹಗಲು ಬೆಳಕಿನಲ್ಲಿ ಆ ಕಾರನ್ನೇ ನೋಡಿ. ಪೇಂಟ್ ಗೇಜ್ ಹಿಡಿದರೆ ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. ಒಂದು ಬಾಗಿಲಲ್ಲಿ ಮಾತ್ರ 300 ತೋರಿದರೆ ಅಲ್ಲಿ ಮತ್ತೆ ಬಣ್ಣ ಹೊಡೆದಿದ್ದಾರೆ. ಟೈರಿನ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ: 3225 ಎಂದರೆ 2025ರ 32ನೇ ವಾರ. ನಾಲ್ಕೂ ಟೈರು ಹತ್ತಿರ ಹತ್ತಿರದ ವಾರದವೇ ಇರಬೇಕು. ಬ್ರೇಕ್ ಡಿಸ್ಕಿನ ಮೇಲೆ ತೆಳು ತುಕ್ಕು ಕಂಡರೆ ಗಾಬರಿ ಬೇಡ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿದ್ದರೆ ಕಾರು ಬಹಳ ದಿನ ನಿಂತಿರಬಹುದು. ಚಾರ್ಜ್ ಮಾಡಿಸಿ ಬ್ಯಾಟರಿ ಪರೀಕ್ಷೆ ಮಾಡಿಸಿ, ಕೆಟ್ಟಿದ್ದರೆ ಹೊಸದು ಕೇಳಿ. ಓಡೋಮೀಟರ್‌ನಲ್ಲಿ ನೂರಾರು ಕಿ.ಮೀ. ಇದ್ದರೆ ಅದು ಡೆಮೊ ಕಾರು ಆಗಿರಬಹುದು, ಕಾರಣ ಕೇಳಿ. ಡೆಮೊ ಆದರೆ ಹೊಸ ಕಾರಿನ ಬೆಲೆ ಕೊಡುವಂತಿಲ್ಲ. ಇವೆಲ್ಲ ಸರಿಯಿದ್ದರೆ ಅಲ್ಲೇ ನಿಂತು ಆರ್‌ಟಿಜಿಎಸ್ ಮಾಡಿ, ರಸೀದಿಯಲ್ಲಿ ಚಾಸಿ ನಂಬರ್ ಬರೆಸಿಕೊಂಡು ಬನ್ನಿ.