ಸಿಬಿಲ್ 618 ಇದೆ, ಮನೆ ಸಾಲ ಸಿಗುತ್ತಾ? ಅಡ್ವಾನ್ಸ್ ಕೊಡುವ ಮುಂಚೆ ಗೊತ್ತಾಗಬೇಕು

ಕಲ್ಪತರು_ನಾಡಿನವ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಒಂದು ಮನೆ ನೋಡಿದ್ದೇವೆ. 30-40 ಸೈಟು, ಗ್ರೌಂಡ್ ಫ್ಲೋರ್ ಮಾತ್ರ, ಹಳೇ ಮನೆ ಆದರೂ ಗಟ್ಟಿಯಾಗಿದೆ. 42 ಲಕ್ಷಕ್ಕೆ ಮಾತು ನಿಂತಿದೆ. ಚೀಟಿ ದುಡ್ಡು, ಪಿಎಫ್ ಎಲ್ಲ ಸೇರಿ ನಮ್ಮ ಹತ್ತಿರ 14 ಲಕ್ಷ ಇದೆ. 12 ನಾವು ಹಾಕಿ 30 ಲಕ್ಷ ಸಾಲ ಮಾಡೋಣ ಅಂತ ಲೆಕ್ಕ.

ತೊಂದರೆ ಏನಂದರೆ ನನ್ನ ಸಿಬಿಲ್ (ಸಾಲ ಸರಿಯಾಗಿ ತೀರಿಸಿದ್ದೇನಾ ಅಂತ ನೋಡಿ ಸಿಬಿಲ್ ಕಂಪನಿ ಕೊಡುವ ಸ್ಕೋರ್) 618. 2020ರಲ್ಲಿ ಕೊರೋನಾ ಟೈಮಲ್ಲಿ ಕೆಲಸ ಹೋಯ್ತು, ಕ್ರೆಡಿಟ್ ಕಾರ್ಡ್ ಬಾಕಿ ಬೆಳೆದು 84,000 ಆಯ್ತು. ರಿಕವರಿಯವರು ದಿನಾ ಫೋನ್ ಮಾಡಿ, 35,000 ಕಟ್ಟಿ ಸೆಟಲ್ ಮಾಡಿಕೊಳ್ಳಿ, ಎಲ್ಲ ಕ್ಲಿಯರ್ ಆಗುತ್ತೆ ಅಂದರು. ಕಟ್ಟಿದೆ. ಈಗಲೂ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತಲೇ ಇದೆ. ಇದರ ಜೊತೆಗೆ ನಮ್ಮ ಮಾವನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೆ. ಅಡಿಕೆ ಫಸಲು ಕೈಕೊಟ್ಟು ಅವನ ಕಂತು ತಡವಾಗಿದೆ, ಅದೂ ನನ್ನ ರಿಪೋರ್ಟಿಗೆ ಬಂದಿದೆ.

ನನ್ನ ಸಂಬಳ ಕೈಗೆ 52,000. ನನ್ನ ಹೆಂಡತಿ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್, 28,000 ಬರುತ್ತೆ, ಅವಳ ಸ್ಕೋರ್ 765. ಏಜೆಂಟ್ ಒಬ್ಬ 15,000 ಕೊಟ್ಟರೆ ಒಂದೇ ತಿಂಗಳಲ್ಲಿ 750 ದಾಟಿಸ್ತೀನಿ ಅಂತಿದ್ದಾನೆ. ಮನೆ ಮಾರುವವರು ಈ ತಿಂಗಳೊಳಗೆ 3 ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳಿ ಅಂತ ಒತ್ತಾಯ ಮಾಡುತ್ತಿದ್ದಾರೆ. ಬಾಡಿಗೆ ಮನೆ ಬದಲಾಯಿಸಿ ಬದಲಾಯಿಸಿ ಸಾಕಾಗಿದೆ. ಏನು ಮಾಡಲಿ ಹೇಳಿ.

ನಿವೃತ್ತ_ಮ್ಯಾನೇಜರ್

ಮೊದಲು ಆ ಏಜೆಂಟನ್ನು ಬಿಡಿ. ಒಂದು ರೂಪಾಯಿ ಕೂಡ ಕೊಡಬೇಡಿ. ಸಿಬಿಲ್ ಆಗಲಿ ಬೇರೆ ಯಾವ ಕಂಪನಿಯೇ ಆಗಲಿ, ಬ್ಯಾಂಕ್ ಕಳಿಸಿದ ಮಾಹಿತಿಯನ್ನು ಅಷ್ಟೇ ತೋರಿಸುತ್ತದೆ, ಬ್ಯಾಂಕ್ ಒಪ್ಪದೆ ಯಾರೂ ಅದನ್ನು ಬದಲಿಸಲಾರರು. ಅವನು ಮಾಡೋದು ಆನ್‌ಲೈನಿನಲ್ಲಿ ಒಂದು ಡಿಸ್ಪ್ಯೂಟ್ (ರಿಪೋರ್ಟಿನಲ್ಲಿ ತಪ್ಪಿದೆ ಅನ್ನೋ ತಕರಾರು) ಹಾಕೋದು. ಅದನ್ನು ನೀವೇ ಪುಕ್ಕಟೆ ಹಾಕಬಹುದು.

ನಾನು ಸಾಲದ ಫೈಲುಗಳನ್ನು ನೋಡುತ್ತಿದ್ದಾಗ ಸ್ಕೋರ್ ಒಂದೇ ನೋಡುತ್ತಿರಲಿಲ್ಲ, ಒಳಗಿನ ಸಾಲುಗಳನ್ನು ಓದುತ್ತಿದ್ದೆ. ಈಗಲೂ ಒಳ್ಳೆಯ ಅಧಿಕಾರಿಗಳು ಹಾಗೇ ಮಾಡುತ್ತಾರೆ. ಎರಡು ಕಂತು ತಡವಾಗಿ 640ಕ್ಕೆ ಇಳಿದವನಿಗೂ, 'ಸೆಟಲ್ಡ್' ಅಂತ ಬರೆಸಿಕೊಂಡು 640 ಇರುವವನಿಗೂ ತುಂಬಾ ವ್ಯತ್ಯಾಸ ಇದೆ. ಸೆಟಲ್ಡ್ ಅಂದರೆ ಬ್ಯಾಂಕಿನ ದೃಷ್ಟಿಯಲ್ಲಿ ಬರಬೇಕಾದ ದುಡ್ಡು ಪೂರ್ತಿ ಬಂದಿಲ್ಲ, ನಷ್ಟ ಒಪ್ಪಿಕೊಂಡು ಬಿಟ್ಟಿದ್ದೇವೆ ಅಂತ. ರಿಕವರಿಯವರು ಇದನ್ನು ಹೇಳೋದಿಲ್ಲ, ಹೇಳಿದರೆ ಯಾರು ಕಟ್ಟುತ್ತಾರೆ? ನಿಮ್ಮಂಥ ಎಷ್ಟೋ ಜನ ಈ ಮಾತು ನಂಬಿ ಸಿಕ್ಕಿಹಾಕಿಕೊಂಡಿದ್ದಾರೆ, ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ.

ಇದಕ್ಕೆ ದಾರಿ ಇದೆ. ಆ ಕಾರ್ಡಿನ ಬ್ಯಾಂಕಿಗೆ ಬರೆದು, ಅವತ್ತು ಬಿಟ್ಟ 49,000 ಕಟ್ಟುತ್ತೇನೆ, ಖಾತೆಯನ್ನು 'ಕ್ಲೋಸ್ಡ್' ಅಂತ ಬದಲಿಸಿ, ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂಸ್ ಪತ್ರ ಕೊಡಿ ಅಂತ ಕೇಳಿ. ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ಮಾತ್ರ ಕಟ್ಟಿ, ಅದೂ ಬ್ಯಾಂಕಿನ ಖಾತೆಗೇ. ಯಾರದೋ ಯುಪಿಐ ನಂಬರಿಗೆ ಹಾಕಲೇಬೇಡಿ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು ಅನ್ನೋ ನಿಯಮ ಇದೆ, ಹಾಗಾಗಿ ಮೊದಲಿನಷ್ಟು ಕಾಯಬೇಕಾಗಿಲ್ಲ. ಬದಲಾಗದಿದ್ದರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಇಂಥ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ.

ಸಿಬಿಲ್ ಜೊತೆಗೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅನ್ನೋ ಇಂಥದೇ ಕಂಪನಿಗಳೂ ಇವೆ. ನಾಲ್ಕೂ ಕಡೆಯಿಂದ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ. ನಾಲ್ಕನ್ನೂ ತೆಗೆದು ನೋಡಿ, ಒಂದರಲ್ಲಿ ಸರಿಯಾಗಿ ಇನ್ನೊಂದರಲ್ಲಿ ಹಾಗೇ ಉಳಿದಿರುತ್ತದೆ. ನೀವೇ ನೋಡಿಕೊಂಡರೆ ಸ್ಕೋರ್ ಇಳಿಯೋದಿಲ್ಲ. ಆದರೆ ಸುಮ್ನೆ ಐದಾರು ಬ್ಯಾಂಕಿಗೆ ಅರ್ಜಿ ಹಾಕಿದರೆ ಪ್ರತಿಯೊಂದೂ ದಾಖಲಾಗುತ್ತದೆ, ಆಗ ಇಳಿಯುತ್ತದೆ.

ಹಾಸನದ_ಅಕ್ಕ

ಸರ್ ಹೇಳಿದ್ದೆಲ್ಲ ಸರಿ, ಆದರೆ ಅಷ್ಟು ಹೊತ್ತಿಗೆ ಮನೆ ಕೈತಪ್ಪಿದರೆ? ನಮಗೂ ಹೀಗೇ ಆಗಿತ್ತು, ಸ್ಕೋರ್ 640ರ ಹತ್ತಿರ. ಬ್ಯಾಂಕುಗಳು ಆಗೋದಿಲ್ಲ ಅಂದವು. ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ಜಾಸ್ತಿ ಬಡ್ಡಿಗೆ ತಗೊಂಡೆವು, ಕಂತು ತಪ್ಪದೆ ಕಟ್ಟಿದೆವು, ಸ್ಕೋರ್ ಏರಿದ ಮೇಲೆ ಬ್ಯಾಂಕಿಗೆ ಬದಲಾಯಿಸಿಕೊಂಡೆವು. ಫ್ಲೋಟಿಂಗ್ (ಆಗಾಗ ಏರಿಳಿಯುವ) ಬಡ್ಡಿಯ ಮನೆ ಸಾಲ ಮುಂಚೆಯೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ, ಅದಕ್ಕೇ ಸಾಧ್ಯವಾಯ್ತು.

ಆದರೆ ಮೂರು ವಿಷಯ ನೋಡಿಕೊಳ್ಳಿ ಅಣ್ಣ. ಬಡ್ಡಿ ಫ್ಲೋಟಿಂಗ್ ಅಂತ ಕಾಗದದಲ್ಲಿ ಇರಬೇಕು. ಮೊದಲ ಕೆಲವು ವರ್ಷ ಫಿಕ್ಸೆಡ್ ಅಂತ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಎರಡನೇದು, ನಮ್ಮ ಸಾಲದೊಳಗೆ ಕೇಳದೆಯೇ ಒಂದು ಇನ್ಶೂರೆನ್ಸ್ ಸೇರಿಸಿ ಅದಕ್ಕೂ ಬಡ್ಡಿ ಹಾಕಿದ್ದರು. ಅದು ಕಡ್ಡಾಯ ಅಲ್ಲ, ಬೇಡ ಅಂದರೆ ಬೇಡ ಅನ್ನಿ. ಮೂರನೇದು, ಬದಲಾಯಿಸುವಾಗ ಪ್ರೊಸೆಸಿಂಗ್ ಫೀ, ಎಂಒಡಿ (ಮನೆ ಪತ್ರ ಅಡವಿಡುವ ದಾಖಲೆ) ಖರ್ಚು, ಲಾಯರ್ ಫೀ ಎಲ್ಲ ಮತ್ತೊಂದು ಸಲ ಬರುತ್ತೆ.

ನಿವೃತ್ತ_ಮ್ಯಾನೇಜರ್

ಅಮ್ಮಾ, ನಿಮಗೆ ಅದು ಕೆಲಸ ಮಾಡಿತು, ಸಂತೋಷ. ಆದರೆ ಇವರ ಲೆಕ್ಕ ನೋಡಿ. 30 ಲಕ್ಷ, 20 ವರ್ಷ. ಶೇ 8ರಲ್ಲಿ ಕಂತು ಸುಮಾರು 25,100. ಶೇ 11.5ರಲ್ಲಿ ಸುಮಾರು 32,000. ವರ್ಷಕ್ಕೆ 80,000ಕ್ಕಿಂತ ಜಾಸ್ತಿ ವ್ಯತ್ಯಾಸ. ಒಂದೇ ವರ್ಷದ ಈ ದುಡ್ಡಿನಲ್ಲಿ ಆ 49,000 ಕಟ್ಟಿ ಖಾತೆ ಸರಿಮಾಡಿಕೊಂಡರೂ ಇನ್ನೂ ಮಿಗುತ್ತದೆ. ಇನ್ನೊಂದು ಅಂದರೆ, ಸೆಟಲ್ಡ್ ಅನ್ನೋದು ಹಾಗೇ ಉಳಿದರೆ ಮುಂದೆ ಯಾವ ಬ್ಯಾಂಕೂ ಅವರ ಸಾಲವನ್ನು ಸುಲಭವಾಗಿ ತಗೊಳ್ಳೋದಿಲ್ಲ. ಆ ಕೆಲಸ ಹೇಗೂ ಮಾಡಲೇಬೇಕು, ಮೊದಲೇ ಮಾಡಲಿ ಅನ್ನೋದು ನನ್ನ ಮಾತು.

ಕಾಗದ_ಪತ್ರ

ಸಾಲದ ಬಗ್ಗೆ ದೊಡ್ಡವರು ಹೇಳಿದ್ದಾರೆ, ನಾನು ಮನೆಯ ಕಾಗದದ ಬಗ್ಗೆ ಹೇಳುತ್ತೇನೆ.

ನಿಮ್ಮ 14 ಲಕ್ಷ ಸಾಲೋದಿಲ್ಲ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜ್ ಸೇರಿ ಶೇ 5.6. ಒಟ್ಟು ಶೇ 7.6 ಅಂದರೆ 42 ಲಕ್ಷಕ್ಕೆ ಹತ್ತಿರ ಹತ್ತಿರ 3.2 ಲಕ್ಷ. ಇದು ನಿಮ್ಮ ಕೈಯಿಂದಲೇ ಹೋಗಬೇಕು, ಮನೆ ಬೆಲೆಯ ಮೇಲೆ ಬ್ಯಾಂಕ್ ಕೊಡುವ ಸಾಲದಲ್ಲಿ ಇದು ಸೇರೋದಿಲ್ಲ. 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 90ರವರೆಗೆ ಕೊಡಬಹುದು ಅಂತ ನಿಯಮ ಇದ್ದರೂ, ಸ್ಕೋರ್ ಕಡಿಮೆ ಇರುವವರಿಗೆ ಅಷ್ಟು ಕೊಡೋದು ಕಷ್ಟ.

ಅಡ್ವಾನ್ಸ್ ಕೊಡುವುದಾದರೆ, ಸಾಲ ಮಂಜೂರಾಗದಿದ್ದರೆ ಪೂರ್ತಿ ದುಡ್ಡು ವಾಪಸ್ ಅನ್ನೋ ಮಾತನ್ನು ಅಗ್ರಿಮೆಂಟಿನಲ್ಲಿ ಬರೆಸಿ. ಎಷ್ಟು ದಿನದೊಳಗೆ ವಾಪಸ್ ಅನ್ನೋದೂ ಇರಲಿ. ಬಾಯಿ ಮಾತು ಬೇಡ. 3 ಲಕ್ಷ ಯಾಕೆ, ಒಂದು ಲಕ್ಷಕ್ಕೆ ಒಪ್ಪಿಸಿ, ಚೆಕ್ಕಿನಲ್ಲೇ ಕೊಡಿ. ಮಾರುವವರು ಈ ಷರತ್ತಿಗೆ ಒಪ್ಪೋದೇ ಇಲ್ಲ ಅಂದರೆ ಆ ಮನೆ ಬಿಡಿ, ಬೇರೆ ಸಿಗುತ್ತೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಮನೆ ಮೇಲಿನ ಋಣ, ವ್ಯವಹಾರ ತೋರಿಸುವ ಪತ್ರ) ತೆಗೆಯಿರಿ, ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಆಗಿದೆಯಾ ಕೇಳಿ. ಇ-ಖಾತಾ ಇಲ್ಲದೆ ರಿಜಿಸ್ಟ್ರೇಷನ್ನೇ ಆಗೋದಿಲ್ಲ. ಬಿ ಖಾತಾ (ನಿಯಮದ ಪ್ರಕಾರ ಇಲ್ಲದ ಆಸ್ತಿಯ ಖಾತೆ) ಆಗಿದ್ದರೆ ನಿಮ್ಮ ಸ್ಕೋರ್ 800 ಇದ್ದರೂ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡೋದಿಲ್ಲ.

ಕಲ್ಪತರು_ನಾಡಿನವ

ತುಂಬಾ ಥ್ಯಾಂಕ್ಸ್. ರಿಜಿಸ್ಟ್ರೇಷನ್ ಖರ್ಚು ಇಷ್ಟಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ಇನ್ನು ಎರಡು ಪ್ರಶ್ನೆ. ನನ್ನ ಹೆಂಡತಿ ಒಬ್ಬಳೇ ಅರ್ಜಿ ಹಾಕಿದರೆ ಆಗುತ್ತಾ? ಆ ಕಾರ್ಡಿನ ಬಾಕಿಯನ್ನು ಬೇರೆ ಕಂಪನಿಗೆ ಮಾರಿದ್ದೇವೆ ಅಂತ ಬ್ಯಾಂಕಿನವರು ಫೋನಲ್ಲಿ ಹೇಳಿದರು, ಹಾಗಾದರೆ ಯಾರಿಗೆ ಕಟ್ಟಬೇಕು?

ನಿವೃತ್ತ_ಮ್ಯಾನೇಜರ್

ಹಾಕಬಹುದು. ಮನೆಯೂ ಅವರ ಒಬ್ಬರ ಹೆಸರಲ್ಲೇ ಇರಬೇಕಾಗುತ್ತದೆ, ಯಾಕೆಂದರೆ ಮನೆಗೆ ಹಕ್ಕುದಾರರಾದವರು ಸಾಲಕ್ಕೂ ಸಹಿ ಹಾಕಬೇಕು. ಆದರೆ 28,000 ಸಂಬಳಕ್ಕೆ ಅರ್ಧ ಕಂತಿಗೆ ಅಂತ ಹಿಡಿದರೂ 16-17 ಲಕ್ಷದ ಮೇಲೆ ಬರೋದಿಲ್ಲ. ನಿಮ್ಮ ಮನೆಗೆ ಅದು ಸಾಲದು. ನಿಮ್ಮನ್ನು ಸೇರಿಸಿದ ಕೂಡಲೇ ನಿಮ್ಮ ರಿಪೋರ್ಟನ್ನೂ ನೋಡುತ್ತಾರೆ, ಅವರ 765 ನಿಮ್ಮ 618ನ್ನು ಮುಚ್ಚೋದಿಲ್ಲ.

ಬಾಕಿ ಮಾರಿದ್ದರೆ ಅದನ್ನು ಕೊಂಡ ಕಂಪನಿಯ ಹೆಸರನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ, ಇಮೇಲ್ ಆದರೂ ಸಾಕು. ಆಮೇಲೆ ಆ ಕಂಪನಿಗೆ ಕಟ್ಟಿ, ನೋ ಡ್ಯೂಸ್ ಅವರಿಂದಲೇ ತಗೊಳ್ಳಿ. ರಿಪೋರ್ಟಿನಲ್ಲಿ ಒಂದೇ ಸಾಲ ಬ್ಯಾಂಕಿನ ಹೆಸರಲ್ಲೂ ಆ ಕಂಪನಿಯ ಹೆಸರಲ್ಲೂ ಎರಡು ಸಲ ಕಾಣುತ್ತಿದೆಯಾ ನೋಡಿ, ಇದ್ದರೆ ಎರಡಕ್ಕೂ ಡಿಸ್ಪ್ಯೂಟ್ ಹಾಕಿ.

ಟ್ರ್ಯಾಕ್ಟರ್ ಜಾಮೀನಿನಿಂದ ಸುಮ್ಮನೆ ಹೊರಗೆ ಬರೋಕಾಗೋದಿಲ್ಲ, ಬ್ಯಾಂಕ್ ಒಪ್ಪಿ ಬೇರೆ ಜಾಮೀನುದಾರರು ಬರಬೇಕು. ಸದ್ಯಕ್ಕೆ ನಿಮ್ಮ ಮಾವನ ಮಗನ ಹತ್ತಿರ ಕೂತು ಮಾತಾಡಿ, ಬಾಕಿ ಕಂತು ಕಟ್ಟಿಸಿ, ಆ ಸಾಲದ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ಬೇಕಾದರೆ ನೀವೇ ಒಂದು ಕಂತು ಹಾಕಿ, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಿ. ಇಷ್ಟಾದ ಮೇಲೆ ನಿಮ್ಮ ಸಂಬಳ ಬರುವ ಬ್ಯಾಂಕಿಗೆ ಮೊದಲು ಹೋಗಿ. ನಿಮ್ಮ ದುಡ್ಡಿನ ಓಡಾಟ ಅವರ ಕಣ್ಣಮುಂದೆ ಇರುತ್ತದೆ. 2020ರಲ್ಲಿ ಕೆಲಸ ಹೋದ ಪತ್ರ, ಹೊಸ ಕೆಲಸದ ಆರ್ಡರ್, ನೋ ಡ್ಯೂಸ್, ಎಲ್ಲ ಒಂದು ಫೈಲ್ ಮಾಡಿ ಮ್ಯಾನೇಜರ್ ಕೈಗೇ ಕೊಡಿ. ಕೌಂಟರಿನಲ್ಲಿ ಸ್ಕೋರ್ ಕೇಳಿ ಆಗಲ್ಲ ಅಂದರೆ ಅಲ್ಲಿಂದ ವಾಪಸ್ ಬರಬೇಡಿ.