ಸಹಾಯ ಬೇಕು: ಹಗುರ ಕೆಲಸದಲ್ಲಿರುವಾಗಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತಿದೆ
ಎಲ್ಲರಿಗೂ ನಮಸ್ಕಾರ. ಮೂರು ವಾರಗಳಿಂದ ನನ್ನ ಮನೆಯ ಡೆಸ್ಕ್‌ಟಾಪ್ ಯಾವ ಮುನ್ಸೂಚನೆಯೂ ಇಲ್ಲದೆ ರೀಸ್ಟಾರ್ಟ್ ಆಗುತ್ತಿದೆ. ವಿಂಡೋಸ್ ಕ್ರ್ಯಾಶ್ ಆದಾಗ ಕಾಣುವ ನೀಲಿ ಪರದೆ ಬರುವುದಿಲ್ಲ. ಮಾನಿಟರ್ ಒಮ್ಮೆಲೇ ಕಪ್ಪಾಗಿ, ಫ್ಯಾನುಗಳು ಕ್ಷಣಕಾಲ ನಿಂತು, ಕ್ಯಾಬಿನೆಟ್ಟಿನೊಳಗಿನಿಂದ ‘ಟಕ್’ ಎಂಬ ಸಣ್ಣ ಸದ್ದು ಕೇಳಿಸಿ, ಯಂತ್ರ ತಾನಾಗಿಯೇ ಮತ್ತೆ ಚಾಲೂ ಆಗುತ್ತದೆ. ನನಗೆ ಅರ್ಥವಾಗದಿರುವುದು ಇದು: ವಿಡಿಯೊ ಎಡಿಟಿಂಗ್‌ನಂತಹ ಭಾರದ ಕೆಲಸ ಗಂಟೆಗಟ್ಟಲೆ ನಡೆದರೂ ಏನೂ ಆಗುವುದಿಲ್ಲ, ಬರೀ ಪಿಡಿಎಫ್ ಓದುತ್ತಾ ಕುಳಿತಾಗ ಆಗುತ್ತದೆ.

ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ಕರ್ನಲ್-ಪವರ್ 41 ಎಂಬ ದಾಖಲೆ ಮಾತ್ರ ಇದ್ದು, ಅದರ ಬಗ್‌ಚೆಕ್ ಕೋಡ್ (ನೀಲಿ ಪರದೆಯ ದೋಷಸಂಖ್ಯೆ) 0 ಎಂದಿದೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯಿತೆಂದು ಅದು ತಿಳಿಸುತ್ತದೆಯೇ ಹೊರತು ಕಾರಣವನ್ನಲ್ಲ. ಕ್ರ್ಯಾಶ್‌ನ ವಿವರ ಉಳಿಯುವ ಮಿನಿಡಂಪ್ ಫೋಲ್ಡರ್ ಖಾಲಿಯಾಗಿದೆ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ 86 ಅನ್ನು ರಾತ್ರಿಯಿಡೀ ಓಡಿಸಿದೆ. ನಾಲ್ಕು ಸುತ್ತಿನಲ್ಲೂ ಒಂದೇ ಒಂದು ದೋಷ ಸಿಗಲಿಲ್ಲ. ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ತೆಗೆದು ರ‍್ಯಾಮ್ ವೇಗವನ್ನು 3200ರಿಂದ 2133ಕ್ಕೆ ಇಳಿಸಿದರೂ, ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿದರೂ ವ್ಯತ್ಯಾಸವಾಗಲಿಲ್ಲ. ಪ್ರೊಸೆಸರ್ ಬಿಸಿ ಪೂರ್ಣ ಹೊರೆಯಲ್ಲೂ 72 ಡಿಗ್ರಿ ದಾಟಿಲ್ಲ, ಹಾಗಾಗಿ ಬಿಸಿಯೇ ಕಾರಣವೆಂದು ನಾನು ನಂಬುವುದಿಲ್ಲ.

ಎಂಟು ವರ್ಷ ಹಳೆಯ ಪವರ್ ಸಪ್ಲೈ ಮೇಲೆಯೇ ನನ್ನ ಅನುಮಾನ. ಆದರೆ ಪರೀಕ್ಷಿಸಲು ಇನ್ನೊಂದು ನನ್ನ ಬಳಿ ಇಲ್ಲ. ಪ್ರೊಸೆಸರ್ ಬಿಡುವಾಗಿರುವಾಗ ವೋಲ್ಟೇಜ್ ಇಳಿಸುವ ಸಿ-ಸ್ಟೇಟ್‌ಗಳನ್ನು ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ನಿಷ್ಕ್ರಿಯಗೊಳಿಸಿ ನೋಡಿದರೆ, ದೋಷ ಪವರ್ ಸಪ್ಲೈನದೋ ಮದರ್‌ಬೋರ್ಡಿನದೋ ಎಂಬುದು ಸ್ವಲ್ಪವಾದರೂ ಸ್ಪಷ್ಟವಾಗುತ್ತದೆಯೇ? ಇಂಥದೇ ತೊಂದರೆಯನ್ನು ಪರಿಹರಿಸಿಕೊಂಡವರು ದಯವಿಟ್ಟು ಯಾವ ಕ್ರಮದಲ್ಲಿ ಪರೀಕ್ಷಿಸಿದಿರೆಂದು ತಿಳಿಸಿ. ದಿನದ ಕೆಲಸವೆಲ್ಲ ಇದೇ ಯಂತ್ರದ ಮೇಲಿದೆ; ಬ್ಯಾಕಪ್ ತೆಗೆದಿಟ್ಟಿದ್ದೇನೆ.